ಅಲೆಗೆ ಗಡಿಯಿಲ್ಲ, ಪರವಾನಗಿಗೆ ಉಂಟು

ರೇಡಿಯೊ ಅಲೆಗಳನ್ನು ಯಾವ ದೇಶದ ಗಡಿಯೂ ತಡೆಯದು. ಆದರೆ ಅವುಗಳನ್ನು ಹೊರಡಿಸುವ ಹಕ್ಕಿಗೆ ಎಲ್ಲೆಯುಂಟು. ಆವರ್ತನಗಳ ಹಂಚಿಕೆಗಾಗಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿದೆ. ಯುರೋಪು ಮತ್ತು ಆಫ್ರಿಕ ಒಂದನೆಯ ವಲಯಕ್ಕೆ, ಅಮೆರಿಕ ಖಂಡಗಳು ಎರಡನೆಯದಕ್ಕೆ, ಭಾರತವು ಮೂರನೆಯದಕ್ಕೆ ಸೇರಿವೆ.

ಹವ್ಯಾಸಿ ರೇಡಿಯೊದವರು ಬಳಸುವ 40 ಮೀಟರ್ ಪಟ್ಟಿಯನ್ನು ಉದಾಹರಣೆಯಾಗಿ ನೋಡಬಹುದು. ಎರಡನೆಯ ವಲಯದಲ್ಲಿ ಅದು 7.0ರಿಂದ 7.3 ಮೆಗಾಹರ್ಟ್ಸ್‌ವರೆಗೆ ಹಬ್ಬಿದೆ. ಉಳಿದೆರಡು ವಲಯಗಳಲ್ಲಿ 7.2ಕ್ಕೆ ಮುಗಿಯುತ್ತದೆ. ಅದರಾಚೆಯ ಭಾಗವು ಅಲ್ಲಿ ಪ್ರಸಾರ ಕೇಂದ್ರಗಳಿಗೆ ಸೇರಿದ್ದು. ಅಮೆರಿಕದ ಹವ್ಯಾಸಿಯೊಬ್ಬರು 7.25ರಲ್ಲಿ ಕರೆದರೆ ಭಾರತದ ಹವ್ಯಾಸಿಯು ಆಲಿಸಬಹುದೇ ಹೊರತು ಅಲ್ಲಿಯೇ ಉತ್ತರಿಸುವಂತಿಲ್ಲ. ಉತ್ತರಿಸಿದರೆ ದೂರದಲ್ಲೆಲ್ಲೋ ವಾರ್ತೆ ಕೇಳುತ್ತಿರುವವರಿಗೆ ಅಡಚಣೆಯಾದೀತು. ಇಬ್ಬರಿಗೂ ಅನುಮತಿಯಿರುವ 7.15ರಂತಹ ಆವರ್ತನದಲ್ಲಿ ಸಂಭಾಷಣೆ ನಡೆಯಬೇಕು.

ವಲಯಕ್ಕೆ ದೊರೆತುದನ್ನೆಲ್ಲ ದೇಶವು ಹವ್ಯಾಸಿಗಳಿಗೆ ಕೊಡಲೇಬೇಕೆಂದಿಲ್ಲ. ಮೂರನೆಯ ವಲಯದಲ್ಲಿ 2 ಮೀಟರ್ ಪಟ್ಟಿಯು 144ರಿಂದ 148 ಮೆಗಾಹರ್ಟ್ಸ್‌ವರೆಗೆ ಇದ್ದರೂ ಭಾರತದಲ್ಲಿ 146ಕ್ಕೇ ಕೊನೆಗೊಳ್ಳುತ್ತದೆ. ಆದುದರಿಂದ ಹವ್ಯಾಸಿಯು ಪಾಲಿಸಬೇಕಾದುದು ಪ್ರೇಷಕವು ಇರುವ ನೆಲದ ನಿಯಮವನ್ನು.

ದಶಮಾಂಶದ ಪಾಠದಲ್ಲಿ ಸಂಖ್ಯಾರೇಖೆಯ ಮೇಲೆ 7.0, 7.2, 7.3ನ್ನು ಗುರುತಿಸಿ, ಎರಡು ಪಟ್ಟಿಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿಸಿದರೆ, ಎರಡು ಬಣ್ಣಗಳೂ ಕೂಡಿರುವ ಭಾಗವೇ ಸಂಭಾಷಣೆಯ ತಾಣವೆಂದು ಮಕ್ಕಳು ತಾವೇ ಕಂಡುಕೊಳ್ಳುವರು.