ಅಂಗೈಯ ಬೆಣ್ಣೆ, ನಾಳೆಯ ತುಪ್ಪ

2013ರ ಜೂನ್ ತಿಂಗಳ ಒಂದು ರಾತ್ರಿ ಅಮೆರಿಕದ ಫಿಲಡೆಲ್ಫಿಯ ನಗರದ ಬ್ಯಾಸ್ಕೆಟ್‌ಬಾಲ್ ತಂಡವಾದ ಸೆವೆಂಟಿಸಿಕ್ಸರ್ಸ್ ತನ್ನ ಅತ್ಯುತ್ತಮ ಆಟಗಾರನನ್ನು ಬೇರೆ ಊರಿನ ತಂಡಕ್ಕೆ ಕೊಟ್ಟುಬಿಟ್ಟಿತು. ಜ್ರೂ ಹಾಲಿಡೇ ಎಂಬ ಆ ಯುವಕನಿಗೆ ಆಗಷ್ಟೇ 23 ತುಂಬಿತ್ತು. ಅದೇ ವರ್ಷ ಆತ ಆಲ್‌ಸ್ಟಾರ್ ಪಂದ್ಯದಲ್ಲಿ ಆಡಿ ಬಂದಿದ್ದ. ಬದಲಿಗೆ ಸಿಕ್ಕಿದ್ದು ಮೊಣಕಾಲಿನ ಗಾಯದಿಂದ ನರಳುತ್ತಿದ್ದ ಒಬ್ಬ ಹೊಸ ಆಟಗಾರ ಮತ್ತು ಮರುವರ್ಷ ಇನ್ನೊಬ್ಬ ಹೊಸಬನನ್ನು ಆರಿಸಿಕೊಳ್ಳುವ ಹಕ್ಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ ಎಂದು ನಮ್ಮವರು ಹೇಳುವುದು ಇದಕ್ಕೇ ಅಲ್ಲವೇ?

ಆದರೆ ತಂಡದ ವ್ಯವಸ್ಥಾಪಕ ಸ್ಯಾಮ್ ಹಿಂಕಿ ಲೆಕ್ಕ ಹಾಕಿಯೇ ಈ ಹೆಜ್ಜೆ ಇಟ್ಟಿದ್ದರು. ಆ ಲೆಕ್ಕ ತಿಳಿಯಬೇಕಾದರೆ ಎನ್‌ಬಿಎ ಎಂಬ ಅಲ್ಲಿನ ವೃತ್ತಿಪರ ಲೀಗಿನ ಕ್ರಮವನ್ನು ಸ್ವಲ್ಪ ತಿಳಿದಿರಬೇಕು. ಅಲ್ಲಿ ಸಾಮಾನ್ಯವಾಗಿ ಹಣ ಕೊಟ್ಟು ಆಟಗಾರನನ್ನು ಕೊಳ್ಳುವುದಿಲ್ಲ. ಆಟಗಾರನಿಗೆ ಆಟಗಾರನನ್ನೋ ಹೊಸಬರನ್ನು ಆರಿಸುವ ಹಕ್ಕನ್ನೋ ವಿನಿಮಯ ಮಾಡಿಕೊಳ್ಳುತ್ತಾರೆ. ಹೊಸಬರನ್ನು ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಸರದಿಯಲ್ಲಿ ಹಂಚಲಾಗುತ್ತದೆ. ಸೋತ ತಂಡಗಳಿಗೆ ಸರದಿಯಲ್ಲಿ ಮುಂದಿನ ಸ್ಥಾನ. ಬೇಕೆಂದೇ ಸೋಲುವುದನ್ನು ತಡೆಯಲು 1985ರಿಂದ ಮೊದಲ ಸ್ಥಾನಗಳನ್ನು ಲಾಟರಿ ಎತ್ತಿ ನಿರ್ಧರಿಸುವ ಪದ್ಧತಿ ಬಂತು. ಆದರೂ ಮುಂದೆ ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ ಎಂಬ ನಿಯಮ ಬಂತು.

ಇದರಿಂದ ಒಂದು ವಿಚಿತ್ರ ಸನ್ನಿವೇಶ ಹುಟ್ಟಿಕೊಂಡಿದೆ. ತೀರ ಕೆಳಗಿರುವ ತಂಡಕ್ಕೆ ನಾಳೆಯ ಆಸೆಯಿದೆ, ಮೇಲಿರುವ ತಂಡಕ್ಕೆ ಇಂದಿನ ಗೆಲುವಿದೆ. ನಡುವಿನ ತಂಡದ್ದು ಮಾತ್ರ ತ್ರಿಶಂಕು ಸ್ವರ್ಗ. ಹಾಲಿಡೇ ಇದ್ದ ಕೊನೆಯ ಋತುವಿನಲ್ಲಿ ಫಿಲಡೆಲ್ಫಿಯ ಗೆದ್ದದ್ದು 34, ಸೋತದ್ದು 48. ಇಂಥ ತಂಡದಲ್ಲಿ ಒಬ್ಬನೇ ಪ್ರತಿಭಾವಂತನಿದ್ದರೆ ಆತ ಗೆಲ್ಲಿಸುವ ನಾಲ್ಕಾರು ಪಂದ್ಯಗಳೇ ಒಳ್ಳೆಯ ಹೊಸಬ ಸಿಗದಂತೆ ಮಾಡುತ್ತವೆ. ಉಳಿದವರು ಪಳಗುವ ಹೊತ್ತಿಗೆ ಆತನ ಕರಾರು ಮುಗಿದು, ಆತ ಬೇರೆಡೆಗೆ ಹೋಗಿಬಿಡಬಹುದು. ಆದ್ದರಿಂದ ಬೆಲೆ ಇರುವಾಗಲೇ ಕೊಟ್ಟುಬಿಡುವುದು ಜಾಣತನ ಎಂಬುದು ಈ ವಾದದ ತಿರುಳು.

ಹಿಂಕಿ ಅಷ್ಟಕ್ಕೇ ನಿಲ್ಲಲಿಲ್ಲ. 2014ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿದ್ದ ಮೈಕೆಲ್ ಕಾರ್ಟರ್ ವಿಲಿಯಮ್ಸ್‌ನನ್ನೂ ಮರುವರ್ಷ ಫೆಬ್ರುವರಿಯಲ್ಲಿ ಕೊಟ್ಟು, ಮುಂದೆಂದೋ ಕೈಗೆ ಬರಬೇಕಾದ ಒಂದು ಆಯ್ಕೆಯ ಹಕ್ಕನ್ನು ಪಡೆದರು. ಈ ವಿನಿಮಯದಲ್ಲಿ ಅವರ ಲೆಕ್ಕ ತಪ್ಪಲಿಲ್ಲವೆಂದೇ ಹೇಳಬೇಕು. ವಿಲಿಯಮ್ಸ್ ಮುಂದೆ ತಾರೆಯಾಗಿ ಬೆಳೆಯಲಿಲ್ಲ. ಪಡೆದ ಹಕ್ಕು ಮಾತ್ರ 2018ರಲ್ಲಿ ಹತ್ತನೆಯ ಆಯ್ಕೆಯಾಗಿ ಕೈಸೇರಿತು.

ಆದರೆ ಒಟ್ಟು ಬೆಲೆ? 2013ರಿಂದ 2016ರವರೆಗಿನ ಮೂರು ಋತುಗಳಲ್ಲಿ ತಂಡ ಗೆದ್ದದ್ದು 47 ಪಂದ್ಯ, ಸೋತದ್ದು 199. ಟಿಕೆಟ್ ಕೊಂಡು ಮಕ್ಕಳನ್ನು ಕರೆತಂದವರು ನೋಡಿದ್ದು ಈ ಸೋಲುಗಳನ್ನು. 2016ರ ಏಪ್ರಿಲ್‌ನಲ್ಲಿ ಹಿಂಕಿ ರಾಜೀನಾಮೆ ಕೊಟ್ಟರು. ಸೋಲಿನ ಫಲವಾಗಿ ದೊರೆತ ಜೋಯಲ್ ಎಂಬೀಡ್ 2023ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾದದ್ದು ನಿಜ. ಆದರೆ 2018ರಿಂದ 2023ರವರೆಗೆ ಐದು ಸಲ ಎರಡನೆಯ ಸುತ್ತಿಗೆ ಹೋದ ತಂಡ ಒಮ್ಮೆಯೂ ಅದನ್ನು ದಾಟಲಿಲ್ಲ. ಇತ್ತ ಹಾಲಿಡೇ 2021ರಲ್ಲಿ ಮಿಲ್ವಾಕಿಗೂ 2024ರಲ್ಲಿ ಬಾಸ್ಟನ್‌ಗೂ ಆಡಿ ಎರಡು ಬಾರಿ ಚಾಂಪಿಯನ್ ಆದ.

ಇದಕ್ಕೆ ಎದುರಾಗಿ ಒಕ್ಲಹೋಮ ಸಿಟಿಯ ಥಂಡರ್ ತಂಡವನ್ನು ನೋಡೋಣ. 2012ರಲ್ಲಿ ಈ ತಂಡ 23ರ ಹರೆಯದ ಜೇಮ್ಸ್ ಹಾರ್ಡನ್‌ನನ್ನು ಕೊಟ್ಟಿತ್ತು. ಆತ 2018ರಲ್ಲಿ ಹ್ಯೂಸ್ಟನ್‌ನಲ್ಲಿ ಅತ್ಯಮೂಲ್ಯ ಆಟಗಾರನಾದ. 2019ರಲ್ಲಿ ತಂಡವನ್ನು ಹೊಸದಾಗಿ ಕಟ್ಟಲು ಹೊರಟಾಗ ಥಂಡರ್ ಹಿರಿಯರಾದ ಪಾಲ್ ಜಾರ್ಜ್ ಮತ್ತು ರಸೆಲ್ ವೆಸ್ಟ್‌ಬ್ರೂಕ್‌ರನ್ನು ಬಿಟ್ಟುಕೊಟ್ಟಿತು. ಜಾರ್ಜ್‌ಗಾಗಿ ಲಾಸ್ ಏಂಜಲೀಸ್‌ನ ಕ್ಲಿಪರ್ಸ್ ತಂಡ ಕೊಟ್ಟದ್ದರಲ್ಲಿ ಐದು ಮೊದಲ ಸುತ್ತಿನ ಆಯ್ಕೆಗಳ ಜೊತೆಗೆ ಒಂದೇ ಋತು ಆಡಿದ್ದ ಶೇಯ್ ಗಿಲ್ಜಸ್ ಅಲೆಕ್ಸಾಂಡರ್ ಎಂಬ ಹುಡುಗನೂ ಇದ್ದ. 2020-21ರಲ್ಲಿ ಥಂಡರ್ 50 ಪಂದ್ಯ ಸೋತರೂ ಆತನನ್ನು ಮಾರಲಿಲ್ಲ. 2021ರ ಆಗಸ್ಟ್‌ನಲ್ಲಿ ಸುಮಾರು 17 ಕೋಟಿ ಡಾಲರಿನ ಐದು ವರ್ಷಗಳ ಕರಾರು ಮಾಡಿಕೊಂಡಿತು. 2025ರಲ್ಲಿ ಆತ ಅತ್ಯಮೂಲ್ಯ ಆಟಗಾರನಾದ, ತಂಡ ಚಾಂಪಿಯನ್ ಆಯಿತು.

ಹಾಗಾದರೆ ಎಳೆಯ ತಾರೆಯನ್ನು ಎಂದೂ ಕೊಡಲೇಬಾರದೇ? ಹಾಗೆ ಹೇಳಲಾಗದು. ಉಳಿಯುವ ಮನಸ್ಸಿಲ್ಲದವನನ್ನು ಕರಾರು ಮುಗಿಯುವ ಮೊದಲೇ ಕಳುಹಿಸುವುದು ಮೇಲು. ಮೊದಲ ವರ್ಷದ ಹೊಳಪನ್ನೇ ಚಿನ್ನವೆಂದು ನಂಬುವುದೂ ಅಪಾಯ. ವಿಲಿಯಮ್ಸ್ ಅದಕ್ಕೆ ಸಾಕ್ಷಿ. ಆದರೆ ವಯಸ್ಸು ಇಪ್ಪತ್ತರ ಆಸುಪಾಸು, ಆಟ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಉಳಿಯುವ ಇಚ್ಛೆಯೂ ಇದೆ ಎಂದಾಗ ಮಾತು ಬೇರೆ. ಆಯ್ಕೆಯ ಹಕ್ಕು ಎಂದರೆ ಆಟಗಾರನಲ್ಲ, ಬರಿಯ ಸಾಧ್ಯತೆ. 2019ರಲ್ಲಿ ನಿಯಮ ಬದಲಾಗಿ, ಅತಿ ಹೆಚ್ಚು ಸೋತ ತಂಡಕ್ಕೂ ಮೊದಲ ಸ್ಥಾನ ಸಿಗುವ ಅವಕಾಶ ಶೇಕಡಾ 25ರಿಂದ 14ಕ್ಕೆ ಇಳಿಯಿತು. ಎಂದರೆ ಏಳು ಸಲದಲ್ಲಿ ಆರು ಸಲ ಅದು ಬೇರೆಯವರ ಪಾಲು.

ಇಷ್ಟೆಲ್ಲ ಸೋತು ತಂಡಗಳು ಹುಡುಕುವುದಾದರೂ ಇಂಥ ಒಬ್ಬ ಹುಡುಗನನ್ನೇ. ಅವನು ಮನೆಯಲ್ಲೇ ಇರುವಾಗ ಮತ್ತೆ ಲಾಟರಿ ಚೀಟಿ ಕೊಳ್ಳುವವರು ಒಮ್ಮೆ ನಿಂತು ಯೋಚಿಸುವುದು ಒಳ್ಳೆಯದು.