ಒಂದು ಕೊಡ ನೀರು, ಆರು ಕಾನೂನು

ವೀಕ್ಷಕರೇ, ಇವತ್ತು ಒಂದು ಸರಳ ಪ್ರಶ್ನೆ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಲ್ಲಿ ಒಬ್ಬ ತಾಯಿ ಬೆಳಿಗ್ಗೆ ಒಂದು ಕೊಡ ನೀರು ಹಿಡಿದು ತಂದು ಅಡುಗೆಮನೆಯಲ್ಲಿ ಇಡ್ತಾರೆ ಅಂದ್ಕೊಳ್ಳಿ. ಆ ನೀರು ಕುಡಿಯೋಕೆ ಯೋಗ್ಯವಾಗಿರಬೇಕು ಅಂತ ಹೇಳುವ ಕಾನೂನು ಯಾವುದು?

ಯಾವುದೋ ಒಂದು "ಕುಡಿಯುವ ನೀರಿನ ಕಾಯ್ದೆ" ಇರಬೇಕು ಅಂತ ನಿಮಗನ್ನಿಸಬಹುದು. ಹುಡುಕಿ ನೋಡಿ. ಆ ಹೆಸರಿನಲ್ಲಿ ಸಿಗಲ್ಲ. ಹಾಗಂತ ಕಾನೂನೇ ಇಲ್ಲ ಅಂತಲ್ಲ. ಒಂದಲ್ಲ, ಆರು ಇವೆ. ಸಮಸ್ಯೆ ಶುರುವಾಗೋದೇ ಅಲ್ಲಿಂದ.

ನೀರು ಇನ್ನೂ ನೆಲದೊಳಗೆ ಇದ್ದಾಗ ಅದು 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ವಿಷಯ. ಎಷ್ಟು ನೀರು ಎತ್ತಬೇಕು, ಎಲ್ಲಿ ಬೋರ್ ಕೊರೆಯಬೇಕು ಅನ್ನೋದು ಅದರ ಮುಖ್ಯ ಚಿಂತೆ. ಅದೇ ನೀರು ಪಂಪಿನಿಂದ ಟ್ಯಾಂಕಿಗೆ ಏರಿ ನಲ್ಲಿಗೆ ಬಂತು ಅಂದ್ರೆ 1993ರ ಪಂಚಾಯತ್ ರಾಜ್ ಕಾಯ್ದೆಗೆ ಬಂತು. ಅದರ 58ನೇ ಪ್ರಕರಣ ಗ್ರಾಮ ಪಂಚಾಯ್ತಿಯ ಕೆಲಸಗಳ ಪಟ್ಟಿ ಕೊಡುತ್ತೆ. ಯಾವುದೋ ಕಾರ್ಖಾನೆ ಅಥವಾ ಚರಂಡಿಯ ಕೊಳಕು ನೀರು ಅದಕ್ಕೆ ಸೇರಿತು ಅಂದ್ರೆ 1974ರ ಜಲ ಮಾಲಿನ್ಯ ಕಾಯ್ದೆ. ಆ ನೀರನ್ನೇ ಬಾಟಲಿಯಲ್ಲಿ ತುಂಬಿ, ಮುಚ್ಚಳ ಹಾಕಿ ಮಾರಿದರೆ? ಆಗ ಅದು ನೀರೇ ಅಲ್ಲ, "ಆಹಾರ". ನಗಬೇಡಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ "ಆಹಾರ" ಅನ್ನೋ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಪ್ಯಾಕ್ ಮಾಡಿದ ಕುಡಿಯುವ ನೀರೂ ಸೇರಿದೆ. ಯಾರೋ ಬೇಕಂತಲೇ ನೀರು ಕೆಡಿಸಿದರೆ ಭಾರತೀಯ ನ್ಯಾಯ ಸಂಹಿತೆ. ಕುಡಿದವರಿಗೆ ವಾಂತಿ ಭೇದಿ ಹಬ್ಬಿದರೆ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ.

ನೀರು ಅದೇ. ಕೊಡ ಅದೇ. ಆದರೆ ಅದಕ್ಕೆ ಯಾವ ಹೆಸರು ಇಡ್ತೀರಿ ಅನ್ನೋದರ ಮೇಲೆ ಕಾನೂನು ಬದಲು, ಇಲಾಖೆ ಬದಲು, ಅಧಿಕಾರಿ ಬದಲು, ಶಿಕ್ಷೆ ಬದಲು.

ನಾನು ಓದಿದ್ದು ಇಂಜಿನಿಯರಿಂಗ್. ಕಂಪ್ಯೂಟರಿನಲ್ಲಿ ಒಂದು ಫೈಲ್ ಕಳೆದುಹೋಯ್ತು ಅಂದ್ರೆ ಸಾಮಾನ್ಯವಾಗಿ ಮೂರೇ ಕಾರಣ. ಹೆಸರು ಸರಿ ಇಟ್ಟಿಲ್ಲ, ಬೇರೆ ಫೋಲ್ಡರಿಗೆ ಹಾಕಿದ್ದೀವಿ, ಇಲ್ಲಾ ತೆರೆದರೂ ಓದೋಕೆ ಬರ್ತಿಲ್ಲ. ಸಾರ್ವಜನಿಕ ಆರೋಗ್ಯದ ಕಾನೂನುಗಳ ಕಥೆಯೂ ಇದೇ. ಹೆಸರು, ಗುಂಪು, ಅರ್ಥ. ಒಂದೊಂದಾಗಿ ನೋಡೋಣ.

ಮೊದಲು ಹೆಸರು. 1912ರಲ್ಲಿ ಬ್ರಿಟಿಷರು ಮಾಡಿದ ಕಾನೂನಿನ ಹೆಸರು ಇಂಡಿಯನ್ ಲ್ಯೂನಸಿ ಆ್ಯಕ್ಟ್. ನೇರ ಕನ್ನಡದಲ್ಲಿ ಹೇಳೋದಾದ್ರೆ ಹುಚ್ಚಿನ ಕಾಯ್ದೆ. 1987ರಲ್ಲಿ ಅದು ಮಾನಸಿಕ ಆರೋಗ್ಯ ಕಾಯ್ದೆ ಆಯ್ತು. 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮೊದಲನೆಯದು ಮನುಷ್ಯನನ್ನು ಕೂಡಿಹಾಕುವ ಬಗ್ಗೆ ಯೋಚಿಸ್ತು, ಕೊನೆಯದು ಅವನಿಗೆ ಸಿಗಬೇಕಾದ ಚಿಕಿತ್ಸೆಯ ಹಕ್ಕಿನ ಬಗ್ಗೆ ಮಾತಾಡ್ತು. ಹೆಸರಿನ ಜೊತೆ ಕಾನೂನಿನ ದೃಷ್ಟಿಯೂ ಬದಲಾಯ್ತು.

ಭ್ರೂಣಲಿಂಗ ಪತ್ತೆ ವಿರುದ್ಧದ ಕಾನೂನು ನೋಡಿ. 1994ರಲ್ಲಿ ಅದರ ಹೆಸರಿನಲ್ಲಿ ಇದ್ದಿದ್ದು ತಂತ್ರಜ್ಞಾನದ "ನಿಯಂತ್ರಣ ಮತ್ತು ದುರುಪಯೋಗ ತಡೆ". 2003ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಹೆಸರಿಗೇ "ಲಿಂಗ ಆಯ್ಕೆ ನಿಷೇಧ" ಅನ್ನೋ ಪದ ಬಂತು. ಮೊದಲಿನ ಹೆಸರಲ್ಲಿ ಯಂತ್ರ ಇತ್ತು, ಅಪರಾಧ ಇರಲಿಲ್ಲ. ಈಗ ಅಪರಾಧವನ್ನೇ ಹೆಸರಿಟ್ಟು ಕರೆದರು.

ಚಳ್ಳಕೆರೆ ಅಂದ್ರೆ ಎಣ್ಣೆ ನಗರಿ. ಶೇಂಗಾ ಎಣ್ಣೆ ಮಿಲ್ಲುಗಳ ಊರು. ಅಲ್ಲಿನವರಿಗೆ 1954ರ ಕಲಬೆರಕೆ ತಡೆ ಕಾಯ್ದೆ ಚೆನ್ನಾಗಿ ಗೊತ್ತಿರುತ್ತೆ. 2011ರ ಆಗಸ್ಟಿನಿಂದ ಅದರ ಜಾಗಕ್ಕೆ ಆಹಾರ ಸುರಕ್ಷತೆ ಕಾಯ್ದೆ ಬಂತು. "ಕಲಬೆರಕೆ" ಅಂದ್ರೆ ಕಳ್ಳನನ್ನು ಹಿಡಿಯೋದು. "ಸುರಕ್ಷತೆ" ಅಂದ್ರೆ ಮಿಲ್ಲಿನಿಂದ ಅಂಗಡಿವರೆಗೆ ಎಲ್ಲರೂ ಲೈಸೆನ್ಸ್ ತಗೊಂಡು ಜವಾಬ್ದಾರಿ ಹೊರೋದು.

ಇನ್ನು ಹೆಸರಿನಲ್ಲಿ ಆರೋಗ್ಯದ ಸುಳಿವೇ ಇಲ್ಲದ ಕಾನೂನೂ ಇದೆ. 2017ರಲ್ಲಿ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಒಂದು ಕಾಯ್ದೆ ಮಾಡ್ತು, 2020ರ ಜನವರಿಯಲ್ಲಿ ಜಾರಿಗೆ ತಂತು. ಜನ ಇದನ್ನು ಮೌಢ್ಯ ನಿಷೇಧ ಕಾಯ್ದೆ ಅಂತಾರೆ. ಎಲ್ಲರೂ ಮಾಟ ಮಂತ್ರದ ಬಗ್ಗೆ ಚರ್ಚೆ ಮಾಡಿದರು. ಆದರೆ ಅದರ ಅನುಸೂಚಿಯಲ್ಲಿ ಇನ್ನೊಂದು ವಿಷಯ ಇದೆ. ಮುಟ್ಟಾದ ಅಥವಾ ಗರ್ಭಿಣಿ ಮಹಿಳೆಯರನ್ನು ಬಲವಂತವಾಗಿ ಪ್ರತ್ಯೇಕ ಇಡೋದು, ಊರೊಳಗೆ ಬರದಂತೆ ತಡೆಯೋದು ಅಪರಾಧ. ಗೊಲ್ಲರಹಟ್ಟಿಗಳಿರುವ ಚಿತ್ರದುರ್ಗ, ತುಮಕೂರು ಭಾಗಕ್ಕೆ ಇದಕ್ಕಿಂತ ದೊಡ್ಡ ಆರೋಗ್ಯ ಕಾನೂನು ಯಾವುದು ಹೇಳಿ? ಮಳೆಯಲ್ಲಿ, ಚಳಿಯಲ್ಲಿ ಹಟ್ಟಿಯ ಹೊರಗೆ ಮಲಗುವ ಹೆಣ್ಣುಮಗಳ ಆರೋಗ್ಯ "ವಾಮಾಚಾರ" ಅನ್ನೋ ಹೆಸರಿನ ಫೈಲಿನಲ್ಲಿದೆ. ಆಶಾ ಕಾರ್ಯಕರ್ತೆ ಅದನ್ನು ಎಲ್ಲಿ ಅಂತ ಹುಡುಕಬೇಕು?

ಹೆಸರಿನ ವಿಷಯದಲ್ಲಿ ನಾವು ಟಿವಿಯವರು ಮಾಡುವ ಗೊಂದಲವೂ ಒಂದಿದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಎಲ್ಲವೂ "ಹೊಸ ಕಾನೂನು" ಆಗಿಬಿಡುತ್ತೆ. ವ್ಯತ್ಯಾಸ ನೆನಪಿಡಿ. ವಿಧಾನಸಭೆ, ಸಂಸತ್ತು ಪಾಸು ಮಾಡಿದ್ದು ಕಾಯ್ದೆ ಅಥವಾ ಅಧಿನಿಯಮ. ಅದು ಕೊಟ್ಟ ಅಧಿಕಾರದಲ್ಲಿ ಸರ್ಕಾರ ಬರೆಯೋದು ನಿಯಮ ಅಥವಾ ವಿನಿಯಮ. ಗೆಜೆಟಿನಲ್ಲಿ ಪ್ರಕಟಿಸಿ ಜಾರಿಗೆ ತರೋದು ಅಧಿಸೂಚನೆ. ಒಂದು ಕಚೇರಿ ತನ್ನ ಕೆಳಗಿನವರಿಗೆ ಕಳಿಸೋದು ಸುತ್ತೋಲೆ. ಮಾರ್ಗಸೂಚಿ ಅಂದ್ರೆ ಸಾಮಾನ್ಯವಾಗಿ ಹೀಗೆ ಮಾಡಿದರೆ ಒಳ್ಳೇದು ಅನ್ನುವ ಸಲಹೆ. ಮಾರ್ಗಸೂಚಿ ತೋರಿಸಿ ದಂಡ ಕೇಳಿದರೆ, ಇದಕ್ಕೆ ಯಾವ ಕಾಯ್ದೆಯ ಬಲ ಇದೆ ಅಂತ ಕೇಳೋ ಹಕ್ಕು ನಿಮಗಿದೆ.

ಎರಡನೆಯದು ಗುಂಪು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದು. ನೀರು ಅದೇ ಪಟ್ಟಿಯ 17ನೇ ನಮೂದು. ಆಹಾರ ಕಲಬೆರಕೆ ಮತ್ತು ಔಷಧಿ ಮಾತ್ರ ಕೇಂದ್ರ, ರಾಜ್ಯ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯ 18 ಮತ್ತು 19. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯೋದು ಸಮವರ್ತಿ ಪಟ್ಟಿಯ 29. ಅಂದ್ರೆ ಮೊಳಕಾಲ್ಮೂರಿನಲ್ಲಿ ಒಂದು ರೋಗ ಇದ್ದಷ್ಟು ದಿನ ಅದು ರಾಜ್ಯದ್ದು. ಅದು ಗಡಿ ದಾಟಿ ಆಂಧ್ರದ ರಾಯದುರ್ಗಕ್ಕೆ ಹೊರಟರೆ ದೆಹಲಿಗೂ ಅದರಲ್ಲಿ ಮಾತು ಬರುತ್ತೆ.

ಮೊಳಕಾಲ್ಮೂರಿಗೆ ಈ ಗಡಿ ಕಥೆ ಹೊಸದಲ್ಲ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರುವವರೆಗೆ ಮೊಳಕಾಲ್ಮೂರು ಮೈಸೂರು, ಪಕ್ಕದ ಬಳ್ಳಾರಿ ಜಿಲ್ಲೆ ಮದ್ರಾಸು. ಈ ಕಡೆ 1944ರ ಮೈಸೂರು ಸಾರ್ವಜನಿಕ ಆರೋಗ್ಯ ಕಾಯ್ದೆ, ಆ ಕಡೆ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ. ಎರಡು ಹೊಲದ ನಡುವಿನ ಬದು ದಾಟಿದರೆ ಕಾನೂನು ಬೇರೆ, ಕಾಲರಾ ಮಾತ್ರ ಒಂದೇ. 1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮದ್ರಾಸು, ಮುಂಬೈ, ಹೈದರಾಬಾದು, ಕೊಡಗು ಅಂತ ಐದು ಆಡಳಿತಗಳ ಕಾನೂನು ಕಂತೆಗಳು ಒಂದೇ ಬೀರುವಿಗೆ ಬಂದವು. ನಮ್ಮ ನೆರೆಯ ಕೇರಳ ಇಂಥದ್ದೇ ಹಳೆಯ ಎರಡು ಕಾಯ್ದೆಗಳನ್ನು ಬದಿಗಿಟ್ಟು 2023ರಲ್ಲಿ ಒಂದೇ ಸಾರ್ವಜನಿಕ ಆರೋಗ್ಯ ಕಾಯ್ದೆ ಮಾಡಿಕೊಂಡಿತು. ಕಾಸರಗೋಡಿನ ಕನ್ನಡಿಗರು ಈಗ ಅದರ ಅಡಿಯಲ್ಲಿದ್ದಾರೆ.

ಗುಂಪು ಮಾಡುವಾಗ ಯಾವ ಗುಂಪಿಗೂ ಸೇರದೆ ಹೊರಗೆ ಉಳಿಯುವವರೂ ಇರ್ತಾರೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಫ್ಲೋರೈಡ್ ಅಂಥದ್ದು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಸರಿ ಅನ್ನುತ್ತೆ ಭಾರತೀಯ ಮಾನದಂಡ. ಅದನ್ನು ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಹಲ್ಲು ಹಳದಿಯಾಗುತ್ತೆ, ಮೂಳೆ ಬಾಗುತ್ತೆ, ಕೀಲು ಹಿಡಿದುಕೊಳ್ಳುತ್ತೆ. ಈಗ ಇದನ್ನು ಯಾವ ಫೋಲ್ಡರಿಗೆ ಹಾಕ್ತೀರಿ? ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಹಾಗಾಗಿ ಸಾಂಕ್ರಾಮಿಕ ಅಲ್ಲ. ಬಂಡೆಯಿಂದಲೇ ನೀರಿಗೆ ಇಳಿಯುತ್ತೆ, ಹಾಗಾಗಿ ಮಾಲಿನ್ಯ ಕಾಯ್ದೆಯಲ್ಲಿ ಹಿಡಿಯೋಕೆ ಆರೋಪಿಯೇ ಇಲ್ಲ. ಬಾಟಲಿಯಲ್ಲಿಲ್ಲ, ಹಾಗಾಗಿ ಆಹಾರ ಅಲ್ಲ. ಕೇಂದ್ರ 2008-09ರಲ್ಲಿ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು ನಿಜ. ಆದರೆ ಕಾರ್ಯಕ್ರಮ ಬೇರೆ, ಕಾನೂನು ಬೇರೆ. ಕಾರ್ಯಕ್ರಮ ನಿಂತರೆ ನೀವು ಬೇಸರ ಮಾಡಿಕೊಳ್ಳಬಹುದು. ಕಾನೂನು ಮುರಿದರೆ ಕೋರ್ಟಿಗೆ ಹೋಗಬಹುದು.

ಮೂರನೆಯದು ಅರ್ಥ. ನಿಜವಾದ ಆಟ ಇರೋದು ಇಲ್ಲೇ.

2023ರ ಆಗಸ್ಟ್ ಆರಂಭ ನೆನಪಿದೆಯಲ್ಲಾ? ಚಿತ್ರದುರ್ಗದ ಕವಾಡಿಗರಹಟ್ಟಿ. ನಲ್ಲಿ ನೀರು ಕುಡಿದ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಬಿಟ್ಟರು. ಮೊದಲು ಎದ್ದ ಅನುಮಾನ, ಯಾರಾದರೂ ವಿಷ ಹಾಕಿದರಾ? ಆಮೇಲೆ ಮಾತು ಕಲುಷಿತ ನೀರಿನ ಕಡೆ ತಿರುಗಿತು. ಇದು ಬರೀ ಪದಗಳ ಜಗಳ ಅಲ್ಲ. "ವಿಷ" ಅಂದ್ರೆ ಪೊಲೀಸರು ಕೊಲೆಗಾರನನ್ನು ಹುಡುಕಬೇಕು. "ಕಲುಷಿತ" ಅಂದ್ರೆ ಯಾವ ಪೈಪು, ಯಾವ ಟ್ಯಾಂಕು, ಯಾವ ಇಂಜಿನಿಯರ್ ಅಂತ ಕೇಳಬೇಕು.

ಕಾನೂನಿನ ಒಂದೊಂದು ಪದವೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಹಳೆಯ ಐಪಿಸಿಯ 277, ಈಗ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 279, ಸಾರ್ವಜನಿಕ ಚಿಲುಮೆ ಅಥವಾ ಜಲಾಶಯದ ನೀರು ಕೆಡಿಸುವುದನ್ನು ಅಪರಾಧ ಅನ್ನುತ್ತೆ. ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಅದರಲ್ಲಿ "ಸ್ವ ಇಚ್ಛೆಯಿಂದ" ಅನ್ನೋ ಪದ ಕೂತಿದೆ. ಒಡೆದ ಪೈಪನ್ನು ತಿಂಗಳುಗಟ್ಟಲೆ ಸರಿ ಮಾಡದವರು ಸ್ವ ಇಚ್ಛೆಯಿಂದ ನೀರು ಕೆಡಿಸಿದರು ಅಂತ ಸಾಬೀತು ಮಾಡೋದು ಕಷ್ಟ. ಅವರಿಗೆ ಸರಿಹೊಂದೋದು ನಿರ್ಲಕ್ಷ್ಯದ ಪ್ರಕರಣಗಳು. ರೋಗ ಹರಡುವಂಥ ನಿರ್ಲಕ್ಷ್ಯಕ್ಕೆ 271, ಸಾವು ಸಂಭವಿಸಿದರೆ 106. ದೂರಿನಲ್ಲಿ ಯಾವ ನಂಬರ್ ಬರೀತಾರೆ ಅನ್ನೋದರಲ್ಲೇ ಅರ್ಧ ಕೇಸು ಮುಗಿದಿರುತ್ತೆ.

ಅರ್ಥ ಯಾವ ಕಡೆಗೆ ಹಿಗ್ಗುತ್ತೆ ಅನ್ನೋದನ್ನೂ ನೋಡಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮುಂಬೈ ಪ್ಲೇಗಿಗೆ ಅವಸರದಲ್ಲಿ ಮಾಡಿದ್ದು, ನಾಲ್ಕೇ ಪ್ರಕರಣ. "ಅಪಾಯಕಾರಿ ಸಾಂಕ್ರಾಮಿಕ" ಅಂದ್ರೆ ಏನು ಅಂತ ಅದರಲ್ಲಿ ವಿವರಿಸಿರಲೇ ಇಲ್ಲ. ಕೋವಿಡ್ ಬಂದಾಗ ನಮ್ಮ ರಾಜ್ಯ 2020ರಲ್ಲಿ ಸ್ವಂತ ಕಾಯ್ದೆ ಮಾಡಿಕೊಂಡಿತು. 2024ರಲ್ಲಿ ಅದೇ ಕಾಯ್ದೆಯಡಿ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದರು. ಮನೆಯಲ್ಲಿ ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿದರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ. ಡೆಂಗಿ ತಡೀಬೇಕು, ಎರಡು ಮಾತಿಲ್ಲ. ಆದರೆ ನಲ್ಲಿಯಲ್ಲಿ ದಿನಾ ನೀರು ಬರದ ಊರಲ್ಲಿ ಜನ ಡ್ರಮ್ಮು ತುಂಬಿಡದೆ ಇನ್ನೇನು ಮಾಡ್ತಾರೆ? ಡ್ರಮ್ಮಿನ ಮುಚ್ಚಳ ತೆಗೆದಿಟ್ಟ ತಾಯಿಗೆ ದಂಡ ಹಾಕೋಕೆ ಸ್ಪಷ್ಟ ಹೆಸರಿನ, ಸ್ಪಷ್ಟ ಮೊತ್ತದ ನಿಯಮ ಇದೆ. ನಾಲ್ಕು ದಿನ ನೀರು ಬಿಡದವರಿಗೆ ಅಷ್ಟೇ ಸ್ಪಷ್ಟವಾದ ದಂಡ ಎಲ್ಲಿದೆ?

ಅರ್ಥ ಜನರ ಕಡೆಗೂ ಹಿಗ್ಗಿದ್ದಿದೆ. ಮಧ್ಯಪ್ರದೇಶದ ರತ್ಲಾಂನಲ್ಲಿ ಜನ ತೆರೆದ ಚರಂಡಿ, ಗಬ್ಬು ವಾಸನೆಯಿಂದ ಬೇಸತ್ತಿದ್ದರು. ಅವರು ಹಿಡಿದಿದ್ದು ಯಾವುದೇ ಆರೋಗ್ಯ ಕಾಯ್ದೆಯನ್ನಲ್ಲ. ಸಾರ್ವಜನಿಕ ಉಪದ್ರವ ತೆಗೆಸುವ ಸಿಆರ್‌ಪಿಸಿಯ 133ನೇ ಪ್ರಕರಣವನ್ನು. ಪುರಸಭೆ ಹೇಳಿದ್ದು, ನಮ್ಮ ಹತ್ತಿರ ದುಡ್ಡಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪ ಒಪ್ಪಲಿಲ್ಲ. ದುಡ್ಡಿಲ್ಲ ಅಂತ ಶಾಸನಬದ್ಧ ಕರ್ತವ್ಯದಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ ಅನ್ನೋದು ತೀರ್ಪಿನ ತಿರುಳು. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟು, ಶುದ್ಧ ನೀರು ಮತ್ತು ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಅಂತ ಹೇಳ್ತು. "ನೀರು" ಅನ್ನೋ ಪದವೇ ಇಲ್ಲದ ವಿಧಿಯಲ್ಲಿ ಕೋರ್ಟು ನೀರನ್ನು ಕಂಡಿತು.

ಹಾಗಾದ್ರೆ ದೊಡ್ಡಉಳ್ಳಾರ್ತಿಯ ಆ ತಾಯಿ ಏನು ಮಾಡಬೇಕು? ನೀರು ಕೆಟ್ಟಿದೆ ಅಂತ ಬರೀ ಬಾಯಲ್ಲಿ ಹೇಳಿದರೆ ಆರು ಕಾನೂನಿನ ಆರು ಕಚೇರಿಯವರೂ ಅದು ನಮ್ಮದಲ್ಲ ಅಂತಾರೆ. ಮೊದಲು ನೀರು ಪರೀಕ್ಷೆಗೆ ಕೊಟ್ಟು ವರದಿ ಕೈಗೆ ತಗೊಳ್ಳಿ. ಪಂಚಾಯ್ತಿಗೆ ಅರ್ಜಿ ಕೊಡುವಾಗ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ಅಂತ ಬರೆಯಿರಿ, ಸ್ವೀಕೃತಿ ಹಾಕಿಸಿಕೊಳ್ಳಿ. ಆಗಲಿಲ್ಲವಾ, ಉಪವಿಭಾಗಾಧಿಕಾರಿಗೆ ಕೊಡಿ. ರತ್ಲಾಂ ಜನ ಬಳಸಿದ 133 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152. ಅದರ ಅಡಿಯಲ್ಲಿ ಉಪದ್ರವ ತೆಗೆಸುವ ಆದೇಶ ಹೊರಡಿಸುವ ಅಧಿಕಾರ ಅವರಿಗಿದೆ.

ನಂಬರ್ ಬರೆದ ಅರ್ಜಿಗೂ ಬರೆಯದ ಅರ್ಜಿಗೂ ಕಚೇರಿಯಲ್ಲಿ ಸಿಗುವ ಮರ್ಯಾದೆಯೇ ಬೇರೆ. ಬರೆಯದ ಅರ್ಜಿ ಗೋಳು, ಬರೆದದ್ದು ಲೆಕ್ಕ ಕೇಳೋದು. ಕಾನೂನನ್ನು ಹೆಸರು ಹಿಡಿದು ಕರೆದರೆ ಮಾತ್ರ ಅದು ಓಗೊಡುತ್ತೆ.