ಬದನೆಯ ಬೀಜವೂ ಪ್ರಜೆಗಳ ನಂಬಿಕೆಯೂ

ಬದನೆಕಾಯಿಯನ್ನು ಹೆಚ್ಚುವಾಗ ಒಳಗೆ ಹುಳುವನ್ನು ಕಾಣದ ಅಡುಗೆಮನೆಯು ನಮ್ಮ ನಾಡಿನಲ್ಲಿ ಇರಲಾರದು. ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಈ ಹುಳು ಒಮ್ಮೆ ಒಳಹೊಕ್ಕಿತೆಂದರೆ ಹೊರಗೆ ಸಿಂಪಡಿಸಿದ ಔಷಧವು ಅದನ್ನು ಮುಟ್ಟುವುದು ಕಷ್ಟ. ಆದುದರಿಂದಲೇ ರೈತನು ಮತ್ತೆ ಮತ್ತೆ ಸಿಂಪಡಿಸುತ್ತಾನೆ.

ಇದಕ್ಕೆ ಪರಿಹಾರವೆಂದು ಮಹಿಕೋ ಸಂಸ್ಥೆಯು ರೂಪಿಸಿದುದೇ ಬಿಟಿ ಬದನೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಒಂದು ಜೀನನ್ನು ಗಿಡಕ್ಕೆ ಸೇರಿಸಿದರೆ ಗಿಡವು ತಾನೇ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಕ್ಷಾರಗುಣವುಳ್ಳ ಹುಳುವಿನ ಕರುಳಿನಲ್ಲಿ ಅದು ಕ್ರಿಯಾಶೀಲವಾಗಿ, ಅಲ್ಲಿಯ ಜೀವಕೋಶಗಳಿಗೆ ಅಂಟಿಕೊಂಡು ರಂಧ್ರಗಳನ್ನು ಮಾಡುತ್ತದೆ, ಹುಳು ಸಾಯುತ್ತದೆ. ಮನುಷ್ಯನ ಜಠರವಾದರೋ ಆಮ್ಲೀಯವಾದುದು, ಪ್ರೋಟೀನು ಅಂಟಿಕೊಳ್ಳುವಂತಹ ತಾಣಗಳೂ ನಮ್ಮ ಕರುಳಿನಲ್ಲಿಲ್ಲ ಎಂಬುದು ಸಮರ್ಥಕರ ವಾದ.

ಯುಕ್ತಿಯೇನೋ ಸೊಗಸಾದುದೇ. ಆದರೆ ಪರೀಕ್ಷೆಗಳ ವಿವರಗಳು ಸುಲಭವಾಗಿ ಹೊರಬರಲಿಲ್ಲ. ಮಾಹಿತಿ ಹಕ್ಕಿನ ಮೇರೆಗೆ ಕೇಳಿ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ ಬಳಿಕವೇ 2008ರಲ್ಲಿ ಅವು ಪ್ರಕಟವಾದುವು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಗುರುತ್ವದ ಬೆಲೆ 9.8 ಬಂದಿತೆಂದು ಹೇಳಿದರೂ ಅವನ ಅವಲೋಕನ ಪುಸ್ತಕವನ್ನು ನಾವು ಕೇಳಿಯೇ ಕೇಳುತ್ತೇವೆ. ಉತ್ತರ ಸರಿಯೆಂದ ಮಾತ್ರಕ್ಕೆ ಪುಸ್ತಕವನ್ನು ಮುಚ್ಚಿಡಬಹುದೆ?

2009ರ ಅಕ್ಟೋಬರ್ 14ರಂದು ಕೇಂದ್ರದ ಪರಿಣತರ ಸಮಿತಿಯು ಬಿಟಿ ಬದನೆಗೆ ಒಪ್ಪಿಗೆಯಿತ್ತಿತು. ಪ್ರಜೆಗಳ ಮಾತನ್ನು ಕೇಳಿದುದು ಆ ಮೇಲೆ. 2010ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಆಗಿನ ಪರಿಸರ ಸಚಿವ ಜಯರಾಮ್ ರಮೇಶ್ ಅವರು ಏಳು ನಗರಗಳಲ್ಲಿ ಸಭೆಗಳನ್ನು ನಡೆಸಿದರು. ಸುಮಾರು 8,000 ಜನ ಸೇರಿದ್ದರು. ಕೊನೆಯ ಸಭೆಯು ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಜರುಗಿತು. ಪರವಾಗಿಯೂ ವಿರೋಧವಾಗಿಯೂ ರೈತರು ಮಾತನಾಡಿದರು, ವಿಜ್ಞಾನಿಗಳಲ್ಲಿಯೂ ಒಮ್ಮತವಿರಲಿಲ್ಲ. ಗದ್ದಲಕ್ಕೇನೂ ಕೊರತೆಯಿರಲಿಲ್ಲವೆನ್ನಿ.

ಒಂದು ಪ್ರೋಟೀನು ವಿಷವೋ ಅಲ್ಲವೋ ಎಂಬುದನ್ನು ಕೂಗಿನಿಂದ ನಿರ್ಣಯಿಸಲಾಗದು, ನಿಜ. ಆದರೆ ಎಲ್ಲ ಪ್ರಶ್ನೆಗಳೂ ಅಂತಹುವಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಈ ಜೀನನ್ನು ಸೇರಿಸಲು ಆರಿಸಿಕೊಂಡ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದು. ಪರಾಗವು ಪಕ್ಕದ ಹೊಲಕ್ಕೆ ಹೋದರೆ ನಾಟಿತಳಿಯ ಗತಿಯೇನು? ಬೀಜದ ಒಡೆತನ ಯಾರದು? ಇವಕ್ಕೆ ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಉತ್ತರವಿಲ್ಲ. ಗುಳ್ಳವನ್ನು ಬೆಳೆಯುವವರೇ ಕೇಳಬೇಕಾದ ಪ್ರಶ್ನೆಗಳಿವು. ಅವನ್ನು ಒಪ್ಪಿಗೆಯ ಅನಂತರ ಕೇಳಿಸಿಕೊಂಡುದೇ ದೊಡ್ಡ ಲೋಪವೆಂದು ನಮಗೆ ತೋರುತ್ತದೆ.

ಫೆಬ್ರವರಿ 9ರಂದು ಸಚಿವರು ಬಿಟಿ ಬದನೆಗೆ ತಡೆಯೊಡ್ಡಿದರು. ಸ್ವತಂತ್ರ ಪರೀಕ್ಷೆಗಳು ಸಾಲವು, ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಒಪ್ಪುತ್ತಿಲ್ಲ ಎಂಬುವು ಅವರಿತ್ತ ಕಾರಣಗಳು. ನೆರೆಯ ಬಾಂಗ್ಲಾದೇಶವು ಅದೇ ಜೀನುಳ್ಳ ಬದನೆಗೆ 2013ರಲ್ಲಿ ಅನುಮತಿಯಿತ್ತಿತು. ಮರುವರ್ಷ ಅಲ್ಲಿಯ ರೈತರು ಅದನ್ನು ನೆಟ್ಟರು. ನಮ್ಮಲ್ಲಿ ಪರಿಣತರ ಸಮಿತಿಯ ಹೆಸರೇ ಬದಲಾಯಿತು: ಅದುವರೆಗೆ 'ಅನುಮೋದನ ಸಮಿತಿ'ಯಾಗಿದ್ದುದು 2010ರಲ್ಲಿ 'ಮೌಲ್ಯವಿಮರ್ಶನ ಸಮಿತಿ'ಯಾಯಿತು.